ಅಕ್ಷರ ಮತ್ತು ಪತ್ರಿಕೆ: ರಷ್ಯದ ಕ್ರಾಂತಿಯನ್ನು ಕುರಿತು
(ಶತಮಾನೋತ್ಸವದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಗಿರಣಿಗಳ ಈ ನಾಡಿನಲ್ಲಿ ಕಾರ್ಮಿಕರ ಬಾಯಲ್ಲಿ ಬಹುಕಾಲ ಮೊಳಗಿದ ಹೆಸರು ರಷ್ಯ. ಅಲ್ಲಿನ ಕ್ರಾಂತಿಯನ್ನು ಅಧ್ಯಾಪಕಿಯಾಗಿ ತೂಗಿ ನೋಡಬಯಸುತ್ತೇನೆ.

1897ರ ಜನಗಣತಿಯಂತೆ ಆ ಸಾಮ್ರಾಜ್ಯದ ಐವರಲ್ಲಿ ಸುಮಾರು ನಾಲ್ವರು ನಿರಕ್ಷರಿಗಳು. 1919ರ ಡಿಸೆಂಬರಿನಲ್ಲಿ, ಅಂತರ್ಯುದ್ಧದ ನಡುವೆಯೇ, ಲೆನಿನ್ ಸರ್ಕಾರವು 8ರಿಂದ 50 ವರ್ಷದೊಳಗಿನ ಎಲ್ಲರೂ ಓದುಬರಹ ಕಲಿಯಬೇಕೆಂದು ಶಾಸನ ಮಾಡಿತು. ಮಾತೃಭಾಷೆಯೋ ರಷ್ಯನ್ನೋ ಎಂಬುದು ಕಲಿಯುವವರ ಇಚ್ಛೆ. ಕಲಿಯುವ ಕಾರ್ಮಿಕನಿಗೆ ದಿನಕ್ಕೆ ಎರಡು ಗಂಟೆ ಬಿಡುವು, ಕೂಲಿಯಲ್ಲಿ ಕಡಿತವಿಲ್ಲ. ತಮಿಳರ ನೆರೆಯಲ್ಲಿ ಮನೆಮಾತನ್ನು ಉಳಿಸಿಕೊಂಡ ನಮಗೆ ಇದರ ಬೆಲೆ ತಿಳಿಯದೆ?

ಆದರೆ ಅದೇ ಸರ್ಕಾರ 1917ರಲ್ಲಿ, ಅಧಿಕಾರ ಹಿಡಿದ ಕೆಲವೇ ದಿನಗಳಲ್ಲಿ, ವಿರೋಧಿ ಪತ್ರಿಕೆಗಳನ್ನು ಮುಚ್ಚಿಸುವ ಶಾಸನವನ್ನೂ ಹೊರಡಿಸಿತ್ತು. ಅದು ತಾತ್ಕಾಲಿಕವೆಂದು ಸಾರಿತು. ದಶಕಗಳು ಕಳೆದರೂ ಸ್ವತಂತ್ರ ಪತ್ರಿಕೆ ಮರಳಲಿಲ್ಲ.

ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈರೋಡಿನವರೂ ಕನ್ನಡ ಮನೆಮಾತಿನವರೂ ಆದ ಪೆರಿಯಾರ್ 1932ರಲ್ಲಿ ರಷ್ಯವನ್ನು ಕಂಡು, ಮೆಚ್ಚಿ ಮರಳಿದರು. ಮರುವರ್ಷ ‘ಕುಡಿ ಅರಸು’ ಪತ್ರಿಕೆಯ ಸಂಪಾದಕೀಯವೊಂದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಬಂಧಿಸಿತು. ಆಳುವ ಸರ್ಕಾರ ತೊಲಗಬೇಕೆಂಬ ಅಂಥ ಬರಹ, ಅವರು ಮೆಚ್ಚಿದ ಮಾಸ್ಕೋದಲ್ಲಿ ಅಚ್ಚಾಗುವುದೇ ಅಸಾಧ್ಯವಾಗಿತ್ತು.

ಬಡವರಿಗೆ ಅಕ್ಷರವಿತ್ತ ಆ ಸಾಹಸಕ್ಕೆ ಕೈಮುಗಿಯುತ್ತೇನೆ. ಆದರೆ ಓದಲು ಕಲಿಸಿದವರು ಓದುವವನ ವಿವೇಕವನ್ನೂ ನಂಬಬೇಕು. ಅವರು ನಂಬಲಿಲ್ಲ, ಅಲ್ಲಿಯೇ ನನ್ನ ಸಂಶಯ.

ಮಕ್ಕಳೇ, ನಾವು ಕಲಿಸಿದ ಅಕ್ಷರದಿಂದಲೇ ನಮ್ಮನ್ನೂ ಪ್ರಶ್ನಿಸಿರಿ. ಅದಕ್ಕೆ ಎಡೆಯಿದ್ದರೆ ಮಾತ್ರ ಈ ಶಾಲೆಯ ನೂರು ವರ್ಷ ಸಾರ್ಥಕ.