ಚುರುಕು ಕೈಯವರು ಜೊತೆಯವರನ್ನು ಎತ್ತುತ್ತಾರೋ?
(ಅಗಳಿಯಲ್ಲಿ ತೋಟದ ಕೆಲಸಗಾರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)





ನಮ್ಮ ಹುಡುಗರು ಆಟದ ವಿಷಯವಾಗಿ ವಾದ ಮಾಡುವುದನ್ನು ನಾವು ಕೇಳುತ್ತಿರುತ್ತೇವೆ. ತಂಡದಲ್ಲಿ ಒಬ್ಬ ದೊಡ್ಡ ಆಟಗಾರನಿದ್ದರೆ ಉಳಿದವರ ಆಟವೂ ಏರುತ್ತದೆಯೋ, ಇಲ್ಲವೆ ಅವನ ನೆರಳಿನಲ್ಲಿ ಬಾಡುತ್ತದೆಯೋ? ಇದು ಬರೀ ಆಟದ ಮಾತಲ್ಲ. ಕಾಫಿ ಕೊಯ್ಲಿನಲ್ಲಿ ಕೈ ಚುರುಕಾದವಳೊಬ್ಬಳು ನಮ್ಮ ನಡುವೆ ಇದ್ದರೆ ಅವಳಿಂದ ನಮಗೆ ಬಲವೋ, ಭಾರವೋ? ಎರಡೂ ಒಂದೇ ಪ್ರಶ್ನೆ.

ಬಾಸ್ಕೆಟ್‌ಬಾಲ್ ಆಟವು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಹುಟ್ಟಿತು. ಅಲ್ಲಿಯ ವೃತ್ತಿ ಆಟಗಾರರಲ್ಲಿ ವಿಲ್ಟ್ ಚೇಂಬರ್ಲೇನ್ ಎಂಬವರು 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ಆದರೂ ಆ ವರ್ಷದ ಪ್ರಶಸ್ತಿ ಅವರ ತಂಡಕ್ಕೆ ಸಿಗಲಿಲ್ಲ. ಬಿಲ್ ರಸೆಲ್ ಎಂಬವರಿದ್ದ ಬಾಸ್ಟನ್ ತಂಡಕ್ಕೆ ಹೋಯಿತು. ರಸೆಲರು ಅಷ್ಟು ಅಂಕ ಗಳಿಸುವವರಲ್ಲ. ಎದುರಾಳಿಯನ್ನು ತಡೆದು, ಚೆಂಡು ಹಿಡಿದು, ಜೊತೆಯವರ ಕೈಗೆ ಕೊಡುವವರು. ಅವರು ಆಡಿದ 13 ವರ್ಷಗಳಲ್ಲಿ ತಂಡವು 11 ಸಲ ಪ್ರಶಸ್ತಿ ಗೆದ್ದಿತು. ಚೇಂಬರ್ಲೇನರೂ ಪಾಠ ಕಲಿತರು. 1967ರ ಹೊತ್ತಿಗೆ ತಾವು ಬುಟ್ಟಿಗೆ ಎಸೆಯುವುದನ್ನು ಕಡಿಮೆ ಮಾಡಿ ಜೊತೆಯವರಿಗೆ ಚೆಂಡು ಹಂಚಿದರು. ಆ ವರ್ಷ ಅವರ ತಂಡವೇ ಗೆದ್ದಿತು.

ಇದು ದೂರದ ಮಾತಾಯಿತು. ಹತ್ತಿರದ್ದನ್ನು ನೋಡೋಣ. 2001ರ ಮಾರ್ಚಿಯಲ್ಲಿ ಕೋಲ್ಕತ್ತದಲ್ಲಿ ಆಸ್ಟ್ರೇಲಿಯಾದ ಎದುರು ಕ್ರಿಕೆಟ್ ಟೆಸ್ಟ್ ನಡೆಯಿತು. ಆಸ್ಟ್ರೇಲಿಯಾ ಸಾಲಾಗಿ 16 ಟೆಸ್ಟ್ ಗೆದ್ದು ಬಂದಿತ್ತು. ನಮ್ಮವರು ಮೊದಲ ಸರದಿಯಲ್ಲಿ 274 ಓಟ ಹಿಂದೆ ಬಿದ್ದು ಕೂಡಲೇ ಮತ್ತೆ ಬ್ಯಾಟು ಹಿಡಿಯಬೇಕಾಯಿತು. ಬೆಂಗಳೂರಿನ ರಾಹುಲ್ ದ್ರಾವಿಡರು ಮೂರನೆಯವರಾಗಿ ಆಡುತ್ತಿದ್ದರು. ಆಗ ಅವರ ಆಟ ಸ್ವಲ್ಪ ಕುಂದಿತ್ತು. ಆ ಸ್ಥಾನವನ್ನು ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣರಿಗೆ ಕೊಟ್ಟು, ದ್ರಾವಿಡರನ್ನು ಆರನೆಯವರಾಗಿ ಕಳುಹಿಸಿದರು. ದ್ರಾವಿಡರು ಇಳಿದ ಸ್ಥಾನದಲ್ಲಿಯೇ ನಿಂತು ಆಡಿದರು. ನಾಲ್ಕನೆಯ ದಿನವಿಡೀ ಇಬ್ಬರೂ ಔಟಾಗಲಿಲ್ಲ. ಜೊತೆಯಾಟದಲ್ಲಿ 376 ಓಟ ಬಂದವು. ಲಕ್ಷ್ಮಣರದು 281, ದ್ರಾವಿಡರದು 180. ಸೋಲಬೇಕಾಗಿದ್ದ ಪಂದ್ಯವನ್ನು ಭಾರತ 171 ಓಟಗಳಿಂದ ಗೆದ್ದಿತು. ಒಬ್ಬರು ಬೆಂಗಳೂರಿನವರು, ಇನ್ನೊಬ್ಬರು ಹೈದರಾಬಾದಿನವರು. ಗಡಿಯಲ್ಲಿರುವ ನಮಗೆ ಇಬ್ಬರೂ ನಮ್ಮವರೇ.

ಲಕ್ಷ್ಮಣರ ಕೈಗೆ ದ್ರಾವಿಡರು ಬಲ ತುಂಬಿದರೆಂದು ನಾವು ಹೇಳುವುದಿಲ್ಲ. ಆ ಬಲ ಅವರಲ್ಲೇ ಇತ್ತು. ಇಲ್ಲದ ಬಲವನ್ನು ಯಾರೂ ಕೊಡಲಾರರು. ಇರುವ ಬಲ ಹೊರಗೆ ಬರುವಂತೆ ಎಡೆ ಬಿಟ್ಟುಕೊಟ್ಟು, ಆಚೆ ತುದಿಯಲ್ಲಿ ಗಟ್ಟಿಯಾಗಿ ನಿಲ್ಲಬಹುದು. ದೊಡ್ಡವರು ಮಾಡಬಹುದಾದ ಉಪಕಾರ ಇಷ್ಟೇ. ಆದರೆ ಇದು ಸಣ್ಣದಲ್ಲ.

ಕೂಲಿಯ ಮಾತೂ ಇದೆ. 2018ರಲ್ಲಿ ದ್ರಾವಿಡರು ತರಬೇತಿ ಕೊಟ್ಟ ಹತ್ತೊಂಬತ್ತು ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಿತು. ಕ್ರಿಕೆಟ್ ಮಂಡಳಿಯು ಅವರಿಗೆ 50 ಲಕ್ಷ ರೂಪಾಯಿ, ಅವರ ಕೈಕೆಳಗೆ ದುಡಿದವರಿಗೆ ತಲಾ 20 ಲಕ್ಷ ಎಂದು ಪ್ರಕಟಿಸಿತು. ಎಲ್ಲರೂ ಒಟ್ಟಾಗಿ ದುಡಿದಿರುವಾಗ ಈ ಭೇದವೇಕೆ ಎಂದು ದ್ರಾವಿಡರು ಕೇಳಿದರು. ಕಡೆಗೆ ಎಲ್ಲರಿಗೂ ಸಮವಾಗಿ 25 ಲಕ್ಷ ಎಂದಾಯಿತು. ತಮ್ಮ ಪಾಲಿನಲ್ಲಿ ಅರ್ಧ ಹೋಯಿತು. ಜೊತೆಯವರ ಪಾಲು ಏರಿತು.

ಈಗ ನಮ್ಮ ತೋಟಕ್ಕೆ ಬರೋಣ. ಚುರುಕು ಕೈಯವಳು ಸಂಜೆಗೆ ಎಲ್ಲರಿಗಿಂತ ಹೆಚ್ಚು ಹಣ್ಣು ತೂಗಿಸುತ್ತಾಳೆ. ಮೇಸ್ತ್ರಿ ಅದನ್ನೇ ಅಳತೆ ಮಾಡಿ, ಮುದುಕಿಗೂ ಬಾಣಂತಿಗೂ "ನಿಮಗೇಕೆ ಆಗದು?" ಎಂದು ಗದರಿಸಿದರೆ, ಅವಳ ಚುರುಕೇ ನಮ್ಮ ಬೆನ್ನಿಗೆ ಬಾರುಕೋಲಾಗುತ್ತದೆ. ತಪ್ಪು ಅವಳದಲ್ಲ. ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ತಪ್ಪು ನಮ್ಮದಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಅವಳು ಸುಮ್ಮನಿರಬಾರದು. "ನನ್ನ ತೂಕ ನನ್ನದು, ಅವರಿಗೆ ಅದನ್ನು ಅಳತೆ ಮಾಡಬೇಡಿ" ಎಂದು ಹೇಳಬೇಕು. ಅವಳು ಹೇಳಿದ ಮಾತಿಗೆ ತೂಕ ಹೆಚ್ಚು. ಹೊಸದಾಗಿ ಬಂದ ಹುಡುಗಿಗೆ ಕೊಂಬೆ ಮುರಿಯದಂತೆ ಬಗ್ಗಿಸುವುದನ್ನೂ, ಕಾಯಿ ಬಿಟ್ಟು ಹಣ್ಣು ಮಾತ್ರ ಬಿಡಿಸುವುದನ್ನೂ ತೋರಿಸಿಕೊಟ್ಟರೆ ಸಾಲೆಲ್ಲ ಒಟ್ಟಿಗೆ ಮುಗಿಯುತ್ತದೆ.

ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದಾಗ ನಮ್ಮನ್ನು ಒಂದೇ ದೇಹದ ಅವಯವಗಳಿಗೆ ಹೋಲಿಸಿದನು. ಕಣ್ಣು ಕೈಯನ್ನು ಬೇಡವೆನ್ನುವಂತಿಲ್ಲ. ಬಲಹೀನವಾಗಿ ಕಾಣುವ ಅವಯವವೂ ಬೇಕಾದದ್ದೇ. ದೇವರು ಒಬ್ಬರಿಗೆ ಹೆಚ್ಚು ಬಲ ಕೊಟ್ಟಿದ್ದರೆ ಅದು ಉಳಿದವರ ಪಾಲನ್ನೂ ಸೇರಿಸಿಯೇ ಕೊಟ್ಟದ್ದು.

ಬರುವ ಕೊಯ್ಲಿನಲ್ಲಿ ನಮ್ಮ ನಮ್ಮ ಲೈನುಗಳಲ್ಲಿ ಇದನ್ನು ನಡೆಸಿ ನೋಡೋಣ. ಕೈ ಚುರುಕಾದವರು ಒಬ್ಬೊಬ್ಬ ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲಿ. ಕರ್ತನು ಅದಕ್ಕೆ ಬೇಕಾದ ಮನಸ್ಸನ್ನು ನಮಗೆ ಅನುಗ್ರಹಿಸಲಿ. ಆಮೆನ್.