ಓಣಿಯವರೇ ಹಾಕಿದ ಒಳಚರಂಡಿ



ಬಡವರ ಬಡಾವಣೆಗೆ ಚರಂಡಿ ಏಕಿಲ್ಲ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು: ಸರ್ಕಾರದ ಬಳಿ ಹಣವಿಲ್ಲ, ಜನರಿಗೆ ಕೊಡುವ ಶಕ್ತಿಯಿಲ್ಲ. ಈ ಎರಡೂ ಮಾತುಗಳನ್ನು ಒರೆಗೆ ಹಚ್ಚಿದ ಒಂದು ಜಾಗದ ಸಂಗತಿಯನ್ನು ಇಂದು ತಮ್ಮ ಮುಂದಿಡುತ್ತೇನೆ.

ಅದು ಪಾಕಿಸ್ತಾನದ ಕರಾಚಿ ನಗರದ ಒರಂಗಿ. 1960ರ ದಶಕದಲ್ಲಿ ಹುಟ್ಟಿದ ಈ ಬಡಾವಣೆ 1971ರ ಯುದ್ಧದ ನಂತರ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಂದ ಭರದಿಂದ ಬೆಳೆಯಿತು. ದಲ್ಲಾಳಿಗಳು ಸರ್ಕಾರಿ ಜಮೀನನ್ನೇ ನಿವೇಶನ ಮಾಡಿ ಮಾರಿದರು. ಮನೆಗಳೆದ್ದವು, ಮೋರಿಗಳಿರಲಿಲ್ಲ. ಕೊಳೆನೀರು ಓಣಿಯಲ್ಲೇ ನಿಲ್ಲುತ್ತಿತ್ತು.

1980ರಲ್ಲಿ ಅಲ್ಲಿ ಕೆಲಸ ಆರಂಭಿಸಿದವರು ಅಖ್ತರ್ ಹಮೀದ್ ಖಾನ್. ಆಗ್ರಾದಲ್ಲಿ ಹುಟ್ಟಿ ಐ.ಸಿ.ಎಸ್. ಅಧಿಕಾರಿಯಾಗಿದ್ದ ಇವರು, ಬಂಗಾಳದ ಬರಗಾಲವನ್ನು ಕಂಡ ಮೇಲೆ ಹುದ್ದೆ ಬಿಟ್ಟು, ಕೆಲಕಾಲ ಬೀಗ ತಯಾರಿಸುವ ಕೆಲಸ ಮಾಡಿದವರು. ಒರಂಗಿಯ ಜನ ಚರಂಡಿ ಬೇಕೆಂದರು, ಸರ್ಕಾರವೇ ಪುಕ್ಕಟೆ ಹಾಕಿಕೊಡಲಿ ಎಂದೂ ಹೇಳಿದರು. ಖಾನರು ಹಣ ಕೊಡಲಿಲ್ಲ. ಅಳತೆ ಮಾಡಿ ನಕ್ಷೆ ಬರೆದು, ಖರ್ಚಿನ ಅಂದಾಜು ತಯಾರಿಸಿ, ಸಲಕರಣೆಗಳನ್ನು ಒದಗಿಸಿದರು.

ಇಪ್ಪತ್ತು ಮೂವತ್ತು ಮನೆಗಳ ಒಂದು ಓಣಿಯೇ ಒಂದು ಘಟಕವಾಯಿತು. ಓಣಿಯವರು ತಮ್ಮಲ್ಲೇ ಒಬ್ಬರನ್ನು ಆರಿಸಿದರು. ಅವರು ವಂತಿಗೆ ಎತ್ತಿ, ಕೆಲಸದ ಉಸ್ತುವಾರಿ ನೋಡಿಕೊಂಡರು. ಗುತ್ತಿಗೆದಾರನ ಲಾಭವೂ ಇಲ್ಲ, ಲಂಚವೂ ಇಲ್ಲ. ಜೊತೆಗೆ ವಿನ್ಯಾಸವೂ ಸರಳ. ಹೀಗಾಗಿ ಖರ್ಚು ಸರ್ಕಾರಿ ದರಕ್ಕಿಂತ ಎಷ್ಟೋ ಕಡಿಮೆಯಾಗಿ, ಕೂಲಿಕಾರನ ಕೈಗೂ ಎಟುಕಿತು. ಮೊದಮೊದಲು ಕಾಂಕ್ರೀಟ್ ಕೆಲಸದಲ್ಲಿ ತಪ್ಪುಗಳಾದವು. ಅವನ್ನು ತಿದ್ದಿಕೊಂಡು ಮುಂದೆ ಹೋದರು. ಕ್ರಮೇಣ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಈ ವ್ಯವಸ್ಥೆ ಬಂತು.

ಹಾಗಾದರೆ ಬಡವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಲಿ, ಸರ್ಕಾರ ಕೈತೊಳೆದುಕೊಳ್ಳಬಹುದು ಎಂದು ಅರ್ಥವೇ? ಖಂಡಿತ ಅಲ್ಲ. ಒರಂಗಿಯವರು ಕೆಲಸವನ್ನು ನಾಲ್ಕು ಪಾಲು ಮಾಡಿದ್ದರು. ಮನೆಯ ಪಾಯಖಾನೆ, ಓಣಿಯ ಚರಂಡಿ, ಓಣಿಗಳನ್ನು ಕೂಡಿಸುವ ಚರಂಡಿ, ಈ ಮೂರು ಜನರ ಪಾಲು. ಊರ ನೀರನ್ನೆಲ್ಲ ಹೊತ್ತೊಯ್ಯುವ ದೊಡ್ಡ ಕಾಲುವೆ ಮತ್ತು ಶುದ್ಧೀಕರಣ ಘಟಕ ಸರ್ಕಾರದ ಪಾಲು. ಈ ನಾಲ್ಕನೆಯದು ಆಗದಿದ್ದರೆ ಓಣಿಯ ಕೊಳೆ ಹಳ್ಳಕ್ಕೆ, ಹಳ್ಳದಿಂದ ಸಮುದ್ರಕ್ಕೆ ಹೋಗುತ್ತದೆ. ಮೂವತ್ತು ಮನೆಯವರು ಎಷ್ಟು ವಂತಿಗೆ ಎತ್ತಿದರೂ ನಗರದ ಕಾಲುವೆ ಕಟ್ಟಲಾರರು.

ಈ ಸಂಸ್ಥೆಯನ್ನು ಮುಂದೆ ನಡೆಸಿದ ವಾಸ್ತುಶಿಲ್ಪಿ ಪರ್ವೀನ್ ರೆಹಮಾನ್ ಕರಾಚಿಯ ಹಳ್ಳಗಳನ್ನೂ ಅಂಚಿನ ಹಳ್ಳಿಗಳನ್ನೂ ನಕ್ಷೆಗೆ ತಂದರು. ಯಾವ ಜಮೀನು ಯಾರದೆಂದು ದಾಖಲಾದರೆ ಭೂಗಳ್ಳರಿಗೆ ತೊಡಕು. 2013ರ ಮಾರ್ಚ್‌ನಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು.

ಬಡವರ ಕೈಯಲ್ಲಿ ಹಣವಿಲ್ಲ ಎನ್ನುವ ಮೊದಲು, ನಾವು ಹೇಳುವ ದರ ಯಾರು ಕಟ್ಟಿದ್ದು ಎಂದು ಕೇಳಬೇಕು. ಅವರು ತಮ್ಮ ಪಾಲು ಮುಗಿಸಿದ ಮೇಲೆ ಸರ್ಕಾರದ ಪಾಲು ಎಲ್ಲಿಗೆ ಬಂತು ಎಂದೂ ಕೇಳಬೇಕು. ಇವೆರಡು ಪ್ರಶ್ನೆಗಳನ್ನು ತಮಗೆ ಒಪ್ಪಿಸಿ ನನ್ನ ಮಾತು ಮುಗಿಸುತ್ತೇನೆ.