ತೊಗರಿಯ ಖರ್ಚಿನ ಲೆಕ್ಕ ಮತ್ತು ಕೃಷಿ ವಿಶ್ವವಿದ್ಯಾಲಯ



ಕುರಕುಂಟಾ, ಸೇಡಂ ಭಾಗದ ಕರಿಭೂಮಿಯಲ್ಲಿ ತೊಗರಿ ಬೆಳೆದವರನ್ನು ಎಕರೆಗೆ ಖರ್ಚೆಷ್ಟೆಂದು ಕೇಳಿದರೆ ಬೀಜ, ಗೊಬ್ಬರ, ಔಷಧಿ, ಕೂಲಿ ಇಷ್ಟರ ಲೆಕ್ಕ ದೊರೆಯುತ್ತದೆ. ಮನೆಯ ಹೆಣ್ಣುಮಕ್ಕಳು ಕಳೆ ತೆಗೆದದ್ದು, ಸ್ವಂತ ಎತ್ತುಗಳಿಂದ ಎಡೆ ಹೊಡೆದದ್ದು, ತಿಪ್ಪೆಗೊಬ್ಬರ ಹಾಕಿದ್ದು ಇವು ಬಿಟ್ಟುಹೋಗುತ್ತವೆ. ಕೈಯಿಂದ ಹಣ ಹೋಗಲಿಲ್ಲ ಎಂದಮಾತ್ರಕ್ಕೆ ಖರ್ಚು ಆಗಲಿಲ್ಲವೆಂದು ಅರ್ಥವಲ್ಲ.

ಇಂಥ ಖರ್ಚನ್ನೂ ಹಿಡಿಯಲೆಂದು ಕೇಂದ್ರ ಸರಕಾರವು 1970-71ರಲ್ಲಿ ಬೇಸಾಯ ವೆಚ್ಚದ ಸಮಗ್ರ ಯೋಜನೆಯನ್ನು ಆರಂಭಿಸಿತು. ಹೆಚ್ಚಿನ ರಾಜ್ಯಗಳಲ್ಲಿ ಅದನ್ನು ನಡೆಸುವುದು ಕೃಷಿ ವಿಶ್ವವಿದ್ಯಾಲಯಗಳು. ಆಯ್ದ ಹಳ್ಳಿಗಳಲ್ಲಿ ಸಣ್ಣ ಮತ್ತು ದೊಡ್ಡ ಹಿಡುವಳಿದಾರರ ಹೊಲದ ಕೆಲಸವನ್ನು ಕ್ಷೇತ್ರ ಸಹಾಯಕನು ವರ್ಷವಿಡೀ ಬರೆದುಕೊಳ್ಳುತ್ತಾನೆ. ಕೈಯಿಂದ ಹೋದ ಹಣ, ಸ್ವಂತ ಎತ್ತು-ಗೊಬ್ಬರದ ಬೆಲೆ, ಕೊಟ್ಟ ಲಾವಣಿ ಮೊದಲಾದವು ಸೇರಿದರೆ ‘ಎ2’. ಮನೆಯವರ ದುಡಿಮೆಯನ್ನು ಕೂಡಿಸಿದರೆ ಇನ್ನೊಂದು ಲೆಕ್ಕ. ಸ್ವಂತ ಭೂಮಿಯ ಬಾಡಿಗೆ, ಬಂಡವಾಳದ ಬಡ್ಡಿಯೂ ಸೇರಿದರೆ ‘ಸಿ2’. ಬೆಂಬಲ ಬೆಲೆಗೆ ಸರಕಾರ ಆಧಾರವಾಗಿ ಹಿಡಿಯುವುದು ಎರಡನೆಯದನ್ನು. ಸಿ2 ಆಗಬೇಕೆಂಬುದು ರೈತ ಸಂಘಟನೆಗಳ ಬೇಡಿಕೆ; ಅದರಲ್ಲಿ ನ್ಯಾಯವಿದೆ.

2025-26ಕ್ಕೆ ತೊಗರಿಯ ವೆಚ್ಚ ಕ್ವಿಂಟಲಿಗೆ 5,038 ರೂಪಾಯಿ, ಬೆಂಬಲ ಬೆಲೆ 8,000 ರೂಪಾಯಿ. ಈ ವೆಚ್ಚ ಇಡೀ ದೇಶದ ಸರಾಸರಿ. ಸೇಡಂ ಸೀಮೆಯ ತೊಗರಿ ಹೆಚ್ಚಾಗಿ ಮಳೆಯನ್ನೇ ನಂಬಿದೆ. ಕಲ್ಲುಗಣಿ, ಸಿಮೆಂಟಿನ ಕೆಲಸವಿರುವ ಈ ಕಡೆ ರಾಶಿಯ ಹೊತ್ತಿಗೆ ಆಳು ಸಿಗುವುದೂ ಕಷ್ಟ. ಉದಾಹರಣೆಗೆ, ಎಕರೆಗೆ 20,000 ರೂಪಾಯಿ ಖರ್ಚಾಗಿ 4 ಕ್ವಿಂಟಲ್ ಬಂದರೆ ಕ್ವಿಂಟಲಿಗೆ 5,000 ಬೀಳುತ್ತದೆ. ಸೊರಗು ರೋಗ ತಗಲಿ 2 ಕ್ವಿಂಟಲಿಗೆ ಇಳಿದರೆ 10,000! ಆಗ ಬೆಂಬಲ ಬೆಲೆಯೂ ನಷ್ಟದ ಬೆಲೆಯೇ.

ಆದುದರಿಂದ ಈ ಸೀಮೆಯದೇ ಲೆಕ್ಕ ಬೇಕು. 2009ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಕಲಬುರಗಿ ಜಿಲ್ಲೆಯೂ ಸೇರಿದೆ. ಸೊರಗು ರೋಗ ತಾಳುವ ಟಿ.ಎಸ್-3ಆರ್ ತಳಿಯಿಂದ ಇಳುವರಿ ಎಷ್ಟೆಂಬುದನ್ನು ಸಂಶೋಧನಾ ತಾಕು ತೋರಿಸೀತು. ಕುಡಿ ಚಿವುಟುವ ಕೂಲಿ ಕಳೆದು ರೈತನಿಗೆ ಉಳಿಯುವುದೆಷ್ಟು ಎಂಬುದನ್ನು ರೈತನ ವಹಿಯೇ ಹೇಳಬೇಕು.

ಲೆಕ್ಕ ಕೇಳಲು ಬಂದವರಿಗೆ ಬೆಲೆ ಏರಲೆಂದು ಖರ್ಚು ಹೆಚ್ಚಿಸಿ ಹೇಳುವುದು, ಸಾಲದವರಿಗೆ ತಿಳಿದೀತೆಂದು ಇಳುವರಿ ಮುಚ್ಚಿಡುವುದು ಎರಡೂ ಬೇಡ. ವಿಸ್ತರಣಾ ಕಾರ್ಯಕರ್ತರು ಬಿತ್ತನೆಗೆ ಮೊದಲೇ ರೈತರಿಂದ ಒಂದು ವಹಿ ಇಡಿಸಬೇಕು. ಮನೆಯವರು ದುಡಿದ ದಿನಗಳನ್ನು ಅಂದಂದೇ ಬರೆಯಬೇಕು. ಗೊಬ್ಬರದ ರಸೀದಿ, ಮಾರುಕಟ್ಟೆಯ ತೂಕದ ಚೀಟಿ, ಹಮಾಲಿಯ ಲೆಕ್ಕ ಅದರಲ್ಲೇ ಇರಲಿ.